ಇತಿಹಾಸದ ತರಗತಿಗೆ ಮೊಬೈಲು ಮತ್ತು ಶಿರಾದ ಐವತ್ತು ಸಾವಿರ ಮನೆಗಳು

ಇತಿಹಾಸ ಬೋಧನೆಯಲ್ಲಿ ತಂತ್ರಜ್ಞಾನ ಎಂದ ಕೂಡಲೇ ಪ್ರೊಜೆಕ್ಟರು, ಬಿಳಿ ಪರದೆ, ತಾಜ್‌ಮಹಲಿನ ಚಿತ್ರ, ಪಾಣಿಪತ್ ಕದನದ ವಿಡಿಯೋ ಇವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಇವು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮೊದಲು ಪುಸ್ತಕ ನೋಡಿ ಕೂರುತ್ತಿದ್ದ ಮಗು ಈಗ ಪರದೆ ನೋಡಿ ಕೂರುತ್ತದೆ, ಅಷ್ಟೇ ವ್ಯತ್ಯಾಸ. ಪ್ರಶ್ನೆ ಕೇಳುವ ಕೆಲಸ ಆಗಲೂ ಇರಲಿಲ್ಲ, ಈಗಲೂ ಇಲ್ಲ. ತೋರಿಸುವುದಕ್ಕಿಂತ ಪರೀಕ್ಷಿಸಿ ನೋಡುವುದಕ್ಕೆ ತಂತ್ರಜ್ಞಾನ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ದೆಹಲಿ, ಆಗ್ರಾಗಳಿಗಿಂತ ನಮ್ಮ ಶಿರಾ, ಮಧುಗಿರಿಗಳೇ ಹೆಚ್ಚು ಅನುಕೂಲ.

ಬಡವನಹಳ್ಳಿ ಮಧುಗಿರಿಯಿಂದ ಶಿರಾಗೆ ಹೋಗುವ ರಸ್ತೆಯಲ್ಲಿರುವ ಊರು, ದೊಡ್ಡೇರಿ ಹೋಬಳಿಗೆ ಸೇರಿದ್ದು. ಮನೆಯಲ್ಲಿ ಉರ್ದು ಮಾತನಾಡುವವರು, ಕನ್ನಡ ಮಾತನಾಡುವವರು, ಪಾವಗಡದ ಕಡೆಯ ನೆಂಟಸ್ತಿಕೆಯಿಂದ ನಡುನಡುವೆ ತೆಲುಗು ಬೆರೆಸುವವರು, ಹೀಗೆ ಈ ಸೀಮೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನಾನು ಭಾಷೆ ಕಲಿಸುವ ಶಿಕ್ಷಕ. ಆದರೂ ಸಮಾಜ ವಿಜ್ಞಾನದ ಪಿರಿಯಡ್ಡುಗಳು ಆಗಾಗ ನನ್ನ ಪಾಲಿಗೆ ಬರುತ್ತವೆ. ಪಾಠ ಶುರುವಾಗುವ ಮೊದಲೇ ಇತಿಹಾಸ ಫೋನಿನ ಮೂಲಕ ಮಕ್ಕಳ ಮನೆಗೆ ತಲುಪಿರುತ್ತದೆ. ಒಬ್ಬನ ಮನೆಯ ಫೋನಿನಲ್ಲಿ ಟಿಪ್ಪು ಸುಲ್ತಾನ್ ಎಂದೂ ತಪ್ಪು ಮಾಡದ ವೀರ. ಪಕ್ಕದವನ ಫೋನಿನಲ್ಲಿ ಅದೇ ಟಿಪ್ಪು ಕ್ರೂರಿ, ಬೇರೇನೂ ಅಲ್ಲ. ಊಟದ ಬಿಡುವಿನಲ್ಲಿ ಇಬ್ಬರೂ ವಾದಕ್ಕೆ ನಿಲ್ಲುತ್ತಾರೆ. ಇಬ್ಬರಲ್ಲಿ ಯಾರಿಗೂ "ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು" ಎಂದು ಕೇಳಬೇಕೆಂದು ತೋಚುವುದಿಲ್ಲ. ಈ ಪ್ರಶ್ನೆಯನ್ನು ಶಾಲೆಯಲ್ಲಿ ಕಲಿಯದಿದ್ದರೆ ಮಕ್ಕಳು ಅದನ್ನು ಇನ್ನೆಲ್ಲಿ ಕಲಿಯಬೇಕು?

ಕ್ಯಾಮೆರಾಕ್ಕೂ ನಮ್ಮ ನಾಡಿನ ಇತಿಹಾಸಕ್ಕೂ ಇರುವ ನಂಟು ಹಳೆಯದು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಶಿಲಾಶಾಸನಗಳ ಫೋಟೋ ತೆಗೆದ. ಅವುಗಳನ್ನು ಓದುವ ಕೆಲಸ ಮುಂದೆ ಬೆಂಜಮಿನ್ ಲೂಯಿಸ್ ರೈಸರ ಕೈಗೆ ಬಂತು, 1879ರಲ್ಲಿ ಪುಸ್ತಕವಾಗಿ ಹೊರಬಂತು. ರೈಸರು ಮೂಲತಃ ನಮ್ಮ ಇಲಾಖೆಯವರೇ ಎಂಬುದನ್ನು ಶಿಕ್ಷಕರು ನೆನಪಿಡಬೇಕು. ಬೆಂಗಳೂರಿನಲ್ಲಿ ಶಾಲಾ ಮುಖ್ಯಸ್ಥರಾಗಿದ್ದು, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ಊರೂರು ಸುತ್ತಿದವರು. ಶಾಲೆ ನೋಡಲು ಹೋದಲ್ಲಿ ಕಲ್ಲುಗಳನ್ನೂ ನೋಡಿದರು. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ 12ನೆಯ ಸಂಪುಟ ತುಮಕೂರು ಜಿಲ್ಲೆಯದು, 1904ರಲ್ಲಿ ಪ್ರಕಟವಾಯಿತು. ಮೊದಲು ಇದನ್ನು ನೋಡಬೇಕೆಂದರೆ ದೊಡ್ಡ ಗ್ರಂಥಾಲಯಕ್ಕೇ ಹೋಗಬೇಕಿತ್ತು. ಇಂದು ಸ್ಕ್ಯಾನ್ ಆದ ಪ್ರತಿ ಫೋನಿನಲ್ಲೇ ಉಚಿತವಾಗಿ ಸಿಗುತ್ತದೆ.

ಆದರೆ ಫೋನಿನಲ್ಲಿ ಸಿಕ್ಕಿದ ಮಾತ್ರಕ್ಕೆ ಓದಲು ಬಂತು ಎಂದಲ್ಲ. ಆ ಸಂಪುಟದಲ್ಲಿ ಮಧುಗಿರಿ ಎಂದು ಹುಡುಕಿದರೆ ನಮ್ಮ ತಾಲ್ಲೂಕು ಸಿಗುವುದಿಲ್ಲ. ಆಗಿನ ಬರವಣಿಗೆಯಲ್ಲಿ ಅದು ಮದ್ದಗಿರಿ. ಹಿರಿಯರನ್ನು ಕೇಳಿದರೆ ಕೂಡಲೇ ಗೊತ್ತಾಗುವ ಹೆಸರಿದು, ಮಕ್ಕಳಿಗೆ ಗೊತ್ತಿಲ್ಲ. ಹೀಗಾಗಿ ನಮ್ಮಲ್ಲಿ ಯೋಜನಾಕಾರ್ಯದ ಮೊದಲ ಹೆಜ್ಜೆ ಅಜ್ಜ, ಅಜ್ಜಿ, ದಾದಿ, ನಾನಿಯರ ಬಳಿ ಕೂತು ಸುತ್ತಲಿನ ಊರು, ಕೆರೆ, ಗುಡ್ಡಗಳ ಹಳೆಯ ಹೆಸರುಗಳನ್ನು ಬರೆದುಕೊಳ್ಳುವುದು, ಅವರು ಹೇಳುವುದನ್ನು ಫೋನಿನಲ್ಲಿ ಧ್ವನಿಮುದ್ರಿಸುವುದು. ಆ ಪಟ್ಟಿ ಕೈಯಲ್ಲಿದ್ದರೆ ಹಳೆಯ ಪುಸ್ತಕದಲ್ಲಿ ಹುಡುಕುವುದು ಸಾಧ್ಯವಾಗುತ್ತದೆ.

ಇನ್ನು ಶಿರಾದ ವಿಷಯ. ಪಠ್ಯಪುಸ್ತಕದ ಮಗುವಿಗೆ ಶಿರಾ ಎಂದರೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ಪಟ್ಟಣ. ಕಸ್ತೂರಿ ರಂಗಪ್ಪ ನಾಯಕ ಅಲ್ಲಿ ಕೋಟೆ ಕಟ್ಟಲು ಆರಂಭಿಸಿದ. ಅದು ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಶಿರಾವನ್ನು ಗೆದ್ದ. ಬಿಜಾಪುರದ ಅಧಿಕಾರಿಗಳಲ್ಲಿ ಮಲಿಕ್ ರೆಹಾನ್ ಪ್ರಸಿದ್ಧ, ಆತನ ಗೋರಿ ಇಂದೂ ಅಲ್ಲಿದೆ. 1687ರಲ್ಲಿ ಮೊಘಲರು ಬಂದರು. ತುಂಗಭದ್ರೆಯ ದಕ್ಷಿಣಕ್ಕೆ ಅವರು ಕಟ್ಟಿದ ಪ್ರಾಂತ್ಯಕ್ಕೆ ಶಿರಾ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದರ ಕೆಳಗಿದ್ದವು. ಬಿದನೂರು, ಚಿತ್ರದುರ್ಗ, ಮೈಸೂರುಗಳನ್ನು ಕಪ್ಪ ಕೊಡುವ ಸಂಸ್ಥಾನಗಳೆಂದು ಎಣಿಸಲಾಗಿತ್ತು. ಮೈಸೂರು ಶಿರಾಕ್ಕೆ ಕಪ್ಪ ಕೊಡಬೇಕಿತ್ತು ಎಂದಾಗ ನಮ್ಮ ಮಕ್ಕಳ ಬೆನ್ನು ನೆಟ್ಟಗಾಗುವುದನ್ನು ನೋಡಬೇಕು! 1757ರಲ್ಲಿ ಮರಾಠರು ಶಿರಾವನ್ನು ಹಿಡಿದರು. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗ್ ಹೈದರಾಲಿಗೆ ಶಿರಾದ ನವಾಬನೆಂಬ ಪದವಿ ಕೊಟ್ಟ. 1766ರಲ್ಲಿ ಪುನಃ ಮರಾಠರ ವಶ, 1774ರಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ನೂರೈವತ್ತು ವರ್ಷದೊಳಗೆ ನಾಯಕರು, ಆದಿಲ್‌ಶಾಹಿಗಳು, ಮೊಘಲರು, ಮರಾಠರು, ಹೈದರ್-ಟಿಪ್ಪು ಎಲ್ಲರೂ ಆಳಿದ ಈ ಊರಿನ ಕಥೆಯನ್ನು "ನಮ್ಮವರು, ಅವರು" ಎಂದು ಎರಡೇ ಪಾಲು ಮಾಡಲು ಬರುವುದಿಲ್ಲ. ತರಗತಿಗೆ ಶಿರಾವನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ.

ಮೊಘಲ್ ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಶಿರಾದಲ್ಲಿ 50,000 ಮನೆಗಳಿದ್ದವು ಎಂಬ ಮಾತು ಗೆಜೆಟಿಯರಿನಲ್ಲಿದೆ. ಆತನ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳು ಕಟ್ಟಲ್ಪಟ್ಟವು, ಶಿರಾದ ಖಾನ್‌ಬಾಗ್ ನೋಡಿಯೇ ಲಾಲ್‌ಬಾಗಿನ ಯೋಚನೆ ಹುಟ್ಟಿರಬಹುದು ಎಂಬ ಮಾತುಗಳೂ ಇವೆ. ಇವನ್ನು ಓದಿ ಚಪ್ಪಾಳೆ ತಟ್ಟಿ ಮುಂದೆ ಹೋಗಬಹುದಿತ್ತು. ಅದರ ಬದಲು 50,000 ಎಂಬ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದು ಲೆಕ್ಕಕ್ಕೆ ಕೂತೆವು. ಮನೆಗೆ ಐದು ಜನರೆಂದರೂ ಎರಡೂವರೆ ಲಕ್ಷ ಜನ. 2011ರ ಜನಗಣತಿಯ ವೇಳೆಗೂ ಶಿರಾ ಪಟ್ಟಣ ಒಂದು ಲಕ್ಷ ಮುಟ್ಟಿರಲಿಲ್ಲ. ಎಕರೆಗೆ 20 ಮನೆಗಳಂತೆ ಒತ್ತೊತ್ತಾಗಿ ಕಟ್ಟಿದ್ದರೂ 2,500 ಎಕರೆ ಬೇಕು, ಅಂದರೆ ಸುಮಾರು 10 ಚದರ ಕಿಲೋಮೀಟರು. ಉಪಗ್ರಹ ಚಿತ್ರದಲ್ಲಿ ಕೋಟೆ, ಕಂದಕ, ಹಳೆಯ ಪೇಟೆ, ಮಸೀದಿ, ಗೋರಿಗಳನ್ನು ಗುರುತಿಸಿ, ಅಳತೆಯ ಗೆರೆ ಎಳೆದು, ಹಳೆಯ ಊರು ಎಷ್ಟು ದೂರ ಹಬ್ಬಿರಬಹುದೆಂದು ಮಕ್ಕಳು ಗುಂಪು ಗುಂಪಾಗಿ ಅಂದಾಜು ಮಾಡಿದರು. ಇದಕ್ಕೆ ಗೂಗಲ್ ಅರ್ಥ್ ಆದೀತು, ಇಸ್ರೋ 2009ರಲ್ಲಿ ತೆರೆದ 'ಭುವನ್' ಕೂಡ ಆದೀತು. ಫೋನಿನ ಸಣ್ಣ ಪರದೆಯಲ್ಲಿ ಗೆರೆ ಎಳೆಯುವುದು ಕಷ್ಟ, ಒಂದು ಕಂಪ್ಯೂಟರ್ ಇದ್ದರೆ ಒಳ್ಳೆಯದು.

ಒಂದು ಗುಂಪು ಸಂಖ್ಯೆ ಸುಳ್ಳೆಂದಿತು. ಇನ್ನೊಂದು ಗುಂಪು ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಹೇಳಿರಬಹುದು ಎಂದಿತು. ಮೂರನೆಯ ಗುಂಪಿನ ಹುಡುಗಿಯೊಬ್ಬಳು, "ನಮ್ಮಜ್ಜಿಯೂ ಮದುವೆಗೆ ಸಾವಿರಾರು ಜನ ಬಂದಿದ್ದರು ಅಂತಾರೆ ಸರ್, ಬಂದವರು ಮುನ್ನೂರು" ಎಂದಳು. ಇತಿಹಾಸಕಾರರು ದಾಖಲೆಯ ಸಂಖ್ಯೆಗಳನ್ನು ಅನುಮಾನಿಸುವ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ತರಬೇತಿ ಶಿಬಿರಗಳಲ್ಲಿ ಕೇಳಿಲ್ಲ. ಶಿರಾ ದೊಡ್ಡ ನಗರವಾಗಿತ್ತು ಎಂಬುದು ಮಾತ್ರ ಈ ಲೆಕ್ಕದಿಂದ ಸುಳ್ಳಾಗುವುದಿಲ್ಲ. ಆಮೇಲೆ ಮಕ್ಕಳು ಜೇಡಿಮಣ್ಣು, ರಟ್ಟುಗಳಿಂದ ಕೋಟೆಯ ಮಾದರಿ ಮಾಡಿದರು. ಅಂಗಡಿಯಿಂದ ಥರ್ಮೋಕೋಲ್ ತಾಜ್‌ಮಹಲ್ ತಂದು ಹೆಸರು ಅಂಟಿಸುವುದಕ್ಕೂ ತಾವೇ ಅಳೆದ ಕೋಟೆಯನ್ನು ಮಾಡುವುದಕ್ಕೂ ಇರುವ ಅಂತರ ಬಹಳ. ಸೈಬರ್ ಸೆಂಟರಿನ ಪ್ರಿಂಟ್‌ಔಟುಗಳಿಗೆ ಬಣ್ಣದ ರಟ್ಟು ಹಾಕಿ ತರುವ ಯೋಜನಾಕಾರ್ಯಗಳಿಗೆ ಅಂಕ ಕೊಡುವುದನ್ನು ನಾವು ಶಿಕ್ಷಕರು ನಿಲ್ಲಿಸಿದ ದಿನ ಅವು ತಾವಾಗಿಯೇ ನಿಲ್ಲುತ್ತವೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಮ್ ಎಂಬ ಪೇಟೆಯನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ ಎಂದು ಅದೇ ಗೆಜೆಟಿಯರ್ ಹೇಳುತ್ತದೆ. ಶಿರಾ ಸೊರಗಿದ್ದಕ್ಕೆ ಇದೂ ಒಂದು ಕಾರಣವೆಂದು ಬರೆದಿದೆ. ಈ ಸಾಲನ್ನು ತರಗತಿಯಲ್ಲಿ ಓದಬೇಕೆ, ಬಿಡಬೇಕೆ? ನಮ್ಮ ಸಮಾಜದ ಹಿರಿಯರು ಕೆಲವರು "ಮೊದಲೇ ಗಲಾಟೆ, ಇದೆಲ್ಲ ಯಾಕೆ ಸಾಬ್" ಎಂದು ಕೇಳಿದ್ದುಂಟು. ಓದಲೇಬೇಕು ಎಂಬುದು ನನ್ನ ಉತ್ತರ. ಐವತ್ತು ಸಾವಿರ ಮನೆಗಳ ಸಾಲನ್ನು ಸಂತೋಷದಿಂದ ಓದಿ, ಮುಂದಿನ ಸಾಲಿಗೆ ಬಂದಾಗ ಪುಟ ಮಡಚುವವರು ಇತರರ ಫೋನಿನ ವಿಡಿಯೋವನ್ನು ಆಕ್ಷೇಪಿಸಲು ಹೇಗೆ ಸಾಧ್ಯ?

ಓದಿದ ಮೇಲೆ ಅದೇ ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು. ಹೇಳಿದವರು ಯಾರು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. 1800ರಲ್ಲಿ ಮಧುಗಿರಿ, ಶಿರಾಗಳನ್ನೂ ಕಂಡ. ಅವನ ಪ್ರವಾಸದ ಬರಹ 1807ರಲ್ಲಿ ಅಚ್ಚಾಯಿತು. ಬೆಳೆ, ಮಣ್ಣು, ನೇಯ್ಗೆ, ತೆರಿಗೆ, ಜಾತಿಗಳ ಬಗ್ಗೆ ಅವನಷ್ಟು ವಿವರವಾಗಿ ಬರೆದವರು ಕಡಿಮೆ. ಹಾಗೆಯೇ ಅವನನ್ನು ಕಳುಹಿಸಿದವರು ಟಿಪ್ಪುವನ್ನು ಸೋಲಿಸಿದವರು, ಹೊಸ ಆಡಳಿತ ಹಳೆಯದಕ್ಕಿಂತ ಮೇಲೆಂದು ತೋರಿಸಬೇಕಾಗಿದ್ದವರು. ಇವೆರಡೂ ಒಟ್ಟಿಗೆ ನಿಜ. 12,000 ಎಂಬುದು ಎಣಿಸಿದ ಸಂಖ್ಯೆಯೇ, ಐವತ್ತು ಸಾವಿರದಂತೆ ಬಾಯಿಮಾತೇ ಎಂದು ಮಕ್ಕಳೇ ಕೇಳಿದರು. ಹಾಗೆ ಕೇಳಿದವರಲ್ಲಿ ಟಿಪ್ಪುವನ್ನು ಮೆಚ್ಚುವವನೂ ಇದ್ದ, ಬೈಯುವವನೂ ಇದ್ದ. ನಕ್ಷೆಯಲ್ಲಿ ಗಂಜಾಮನ್ನು ಹುಡುಕಿ ತೋರಿಸಿದೆ, ಇಂದಿಗೂ ಆ ಹೆಸರಿನಿಂದಲೇ ಇದೆ. ಊರು ಬಿಟ್ಟು ಹೊರಟ ನೇಕಾರನೊಬ್ಬ ಅಣ್ಣನಿಗೆ ಬರೆಯುವ ಕಾಗದವನ್ನು ಕಲ್ಪಿಸಿ ಬರೆಯಿರಿ ಎಂದೆ, ಮೇಲೆ "ಇದು ಕಲ್ಪನೆ" ಎಂದು ಕಡ್ಡಾಯವಾಗಿ ಬರೆಯಬೇಕು ಎಂದೂ ಹೇಳಿದೆ. ಉರ್ದುವಿನಲ್ಲಿ ಬರೆದವರು "ಭಾಯ್‌ಜಾನ್" ಎಂದು ಶುರು ಮಾಡಿದರು, ಕನ್ನಡದಲ್ಲಿ ಬರೆದವರು "ತೀರ್ಥರೂಪ ಅಣ್ಣನವರಿಗೆ" ಎಂದು. ಅಂದಿನ ಊಟದ ಬಿಡುವಿನಲ್ಲಿ ವಾದ ನಡೆಯಲಿಲ್ಲ ಎಂದರೆ ಸುಳ್ಳಾದೀತು. ನಡೆಯಿತು, ಆದರೆ ಯಾವ ಪುಸ್ತಕ, ಯಾವ ವರ್ಷ ಎಂಬುದರ ಮೇಲೆ ನಡೆಯಿತು.

ದೊಡ್ಡೇರಿಯ ಪ್ರಸಂಗವನ್ನೂ ಹೇಳಬೇಕು. ಶಿರಾದ ಮೊದಲ ಮೊಘಲ್ ಸುಬೇದಾರ ಕಾಸಿಂ ಖಾನ್ 1695ರಲ್ಲಿ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ದೊಡ್ಡೇರಿಯಲ್ಲಿ ಪ್ರಾಣ ಕಳೆದುಕೊಂಡ. ನಮ್ಮ ಹೋಬಳಿಯ ಹೆಸರೂ ದೊಡ್ಡೇರಿಯೇ. ಮಕ್ಕಳ ಸಂಭ್ರಮ ಹೇಳತೀರದು, ನಮ್ಮೂರ ಪಕ್ಕದಲ್ಲೇ ಮೊಘಲರ ಯುದ್ಧ! ಆದರೆ ಚರಿತ್ರೆಯ ಪುಸ್ತಕಗಳು ಆ ದೊಡ್ಡೇರಿಯನ್ನು ಚಿತ್ರದುರ್ಗದ ಪೂರ್ವದಲ್ಲಿ ಗುರುತಿಸುತ್ತವೆ, ಅದು ಚಳ್ಳಕೆರೆ ಸೀಮೆಯ ದೊಡ್ಡೇರಿ. ಎರಡನ್ನೂ ನಕ್ಷೆಯಲ್ಲಿ ಗುರುತು ಮಾಡಿಸಿದಾಗ ಕೆಲವರ ಮುಖ ಬಾಡಿತು. ಹುಡುಕು ಯಂತ್ರಕ್ಕಾಗಲಿ, ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಉತ್ತರಗಳಿಗಾಗಲಿ ಹೆಸರು ಒಂದೇ ಆದರೆ ಊರೂ ಒಂದೇ ಎಂದು ಅನಿಸಿಬಿಡಬಹುದು. ಅದರಲ್ಲೂ ಈ ಉತ್ತರಗಳ ಭಾಷೆ ಎಷ್ಟು ಸರಾಗವೆಂದರೆ ಮಗುವಿಗೆ ಅನುಮಾನವೇ ಬರುವುದಿಲ್ಲ. ದಾರಿಯ ದಿಕ್ಕು, ದೂರ, ಹತ್ತಿರದ ಕೋಟೆ ಇವನ್ನು ಕೇಳುವ ಅಭ್ಯಾಸ ಮನುಷ್ಯನಿಗೇ ಬರಬೇಕು.

ಮಧುಗಿರಿ ಬೆಟ್ಟದ ಬಗ್ಗೆ ಒಂದೇ ಮಾತು. ಚಾರಣದ ವಿಡಿಯೋ ನೋಡಿ ಬೆಟ್ಟ ಹತ್ತುವವರಿಗೆ, 1763ರಲ್ಲಿ ಹೈದರ್ ಬಿದನೂರು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನು ಇದೇ ಕೋಟೆಯಲ್ಲಿ ಸೆರೆಯಿಟ್ಟಿದ್ದ, 1767ರಲ್ಲಿ ಮರಾಠರು ಬಂದು ಬಿಡಿಸಿದರು ಎಂಬುದು ತಿಳಿದಿರುವುದಿಲ್ಲ. ನಾಟಕ ಬರೆಯಿಸಲು ಒಳ್ಳೆಯ ವಸ್ತು.

ಭಾಷಾ ಶಿಕ್ಷಕನಾದ ನನಗೆ ಹೆಚ್ಚು ಖುಷಿ ಕೊಟ್ಟದ್ದು ಬರಹಗಳ ಓದು. ಶಿರಾದ ಮಲಿಕ್ ರೆಹಾನ್ ಗೋರಿ, 1696ರ ಜುಮ್ಮಾ ಮಸೀದಿ ಇವುಗಳ ಶಾಸನಗಳು ಪರ್ಷಿಯನ್ ಭಾಷೆಯಲ್ಲಿವೆ. ಉರ್ದು ಓದಬಲ್ಲ ಮಗುವಿಗೆ ಅರ್ಥವಾಗದಿದ್ದರೂ ಅಕ್ಷರಗಳು ಪರಿಚಿತ. ಹಳ್ಳಿಯ ವೀರಗಲ್ಲು, ದಾನಶಾಸನಗಳ ಮುಂದೆ ಕನ್ನಡ ಬಲ್ಲ ಮಗುವಿನ ಸ್ಥಿತಿಯೂ ಅದೇ, ನಾಲ್ಕು ಅಕ್ಷರ ಹೊಳೆಯುತ್ತವೆ, ಐದನೆಯದಕ್ಕೆ ತಡೆ. ಒಬ್ಬರಿಗೆ ಇನ್ನೊಬ್ಬರ ಸಹಾಯ ಬೇಕಾಗುವ ಇಂಥ ಪಾಠ ಬೇರೆ ಸಿಗುವುದು ಕಷ್ಟ. ಫೋಟೋ ತೆಗೆಯುವಾಗ ಕಲ್ಲಿಗೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬಾರದು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಒಂದು ಪಕ್ಕದಿಂದ ಟಾರ್ಚ್ ಹಿಡಿದು ತೆಗೆದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಾಡುತ್ತಿದೆ. ನಮ್ಮ ಬಳಿ ಆ ಯಂತ್ರವಿಲ್ಲ, ಟಾರ್ಚ್ ಇದೆ.

ಇಸವಿಗಳ ಲೆಕ್ಕದಲ್ಲೇ ಒಂದು ವಾರ ಕಳೆಯಬಹುದು. ಶಕ ವರ್ಷಕ್ಕೆ 78 ಕೂಡಿಸಬೇಕು. ಹಿಜರಿ ವರ್ಷ ಚಾಂದ್ರಮಾನದ್ದು, ಆದ್ದರಿಂದ ಅದನ್ನು 33ರಿಂದ ಭಾಗಿಸಿ, ಬಂದದ್ದನ್ನು ಕಳೆದು, 622 ಕೂಡಿಸಬೇಕು. 1100 ಎಂದರೆ 33 ಕಳೆದು 1067, ಕೂಡಿಸಿದರೆ 1689ರ ಆಸುಪಾಸು. ಮಸೀದಿಯ 1696 ಎಂಬ ಒಂದೇ ಇಸವಿಯೊಳಗೆ ಹಿಜರಿ 1107 ಮುಗಿದು 1108 ಶುರುವಾಗುತ್ತದೆ. ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಬೆಲೆಯಿದ್ದು, ಪದದೊಳಗೆ ಇಸವಿ ಅಡಗಿಸುವುದು ಪರ್ಷಿಯನ್, ಉರ್ದು ಕವಿಗಳ ರೂಢಿ. 'ಕಿತಾಬ್' ಎಂದರೆ ಕಾಫ್ 20, ತೇ 400, ಅಲಿಫ್ 1, ಬೇ 2, ಒಟ್ಟು 423. ಕನ್ನಡ, ಸಂಸ್ಕೃತ ಶಾಸನಗಳಲ್ಲೂ ಇಂಥ ಆಟವಿದೆ. ಚಂದ್ರ ಎಂದರೆ 1, ಋತು ಎಂದರೆ 6, ಗಜ ಎಂದರೆ 8, ಓದುವುದು ಬಲದಿಂದ ಎಡಕ್ಕೆ. ಮಸೀದಿಯ ವರ್ಷ ಶಕ 1618 ಆಗುತ್ತದೆ, ಅದನ್ನು ಗಜ, ಚಂದ್ರ, ಋತು, ಭೂಮಿ ಎಂದು ಹೇಳಬಹುದು ಎಂದು ನಮ್ಮ ಮಕ್ಕಳು ಕಟ್ಟಿದರು. ಟಿಪ್ಪು 1787ರ ಸುಮಾರಿಗೆ ತಂದ ಮೌಲೂದಿ ಶಕೆಯ ನಾಣ್ಯಗಳಲ್ಲೂ ಅಂಕಿಗಳು ಬಲದಿಂದ ಎಡಕ್ಕೇ, 1215 ಎಂಬುದು ನಮ್ಮ ಕಣ್ಣಿಗೆ 5121. ಮುಂದಿನ ಸಾವಿರಾರು ವರ್ಷಗಳ ನಾಣ್ಯ ಸಿಕ್ಕಿತೆಂದು ಯಾರಾದರೂ ವಿಡಿಯೋ ಮಾಡಿದರೆ ಇವರು ಮೋಸ ಹೋಗಲಾರರು.

ಇದಕ್ಕೆಲ್ಲ ಶಿರಾವರೆಗೆ ಹೋಗಲು ಬಸ್ ಚಾರ್ಜ್ ಇಲ್ಲವೆನ್ನುವವರು ಮನೆಯ ಪಹಣಿಯಿಂದ ಆರಂಭಿಸಬಹುದು. 2000ದ ಸುಮಾರಿಗೆ 'ಭೂಮಿ' ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದವು. ಹೆಸರು, ಸರ್ವೆ ನಂಬರು ಮುಚ್ಚಿ ಉಳಿದದ್ದನ್ನು ಓದಿಸಿದೆ. ತರಿ, ಖುಷ್ಕಿ, ಬಾಗಾಯ್ತು, ಖರಾಬು. ಉರ್ದುವಿನ ಮಕ್ಕಳು 'ತರ್' ಎಂದರೆ ಒದ್ದೆ, 'ಖುಷ್ಕ್' ಎಂದರೆ ಒಣಗಿದ್ದು, 'ಬಾಗ್' ಎಂದರೆ ತೋಟ ಎಂದು ತಾವೇ ಹೇಳಿದರು. ಪಹಣಿ ಎಂಬ ಮಾತು ಮರಾಠಿಯ 'ನೋಡುವುದು' ಎಂಬುದರಿಂದ ಬಂದದ್ದು. ಹೊಲ, ಗದ್ದೆ, ಕೆರೆ ಕನ್ನಡದವು. ಅರ್ಜಿ, ತಹಸೀಲ್ದಾರ, ಶಿರಸ್ತೇದಾರ, ಜಮಾಬಂದಿ, ವಸೂಲಿ ಹೀಗೆ ಪಟ್ಟಿ ಬೆಳೆಯಿತು. ಯಾವ ಮಾತು ಯಾರ ಆಳ್ವಿಕೆಯಲ್ಲಿ ಬಂತೆಂದು ಒಂದೊಂದಕ್ಕೂ ಇಸವಿ ಹಾಕಲು ಬರುವುದಿಲ್ಲ. ಶಿರಾ ಕಂಡ ಆಳ್ವಿಕೆಗಳೆಲ್ಲ ನಮ್ಮ ಎರಡೆಕರೆ ಖುಷ್ಕಿಯ ಕಾಗದದಲ್ಲಿ ಮಾತುಗಳಾಗಿ ಉಳಿದಿವೆ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತದೆ.

ಸರ್ಕಾರದ ಯೋಜನೆಗಳ ವಿಷಯ ಬಹಳ ಬರೆಯಲಾರೆ. 2001ರ ಮಾಹಿತಿ ಸಿಂಧು, 2004ರ ಎಜುಸ್ಯಾಟ್ ಉಪಗ್ರಹ, 2017ರ ದೀಕ್ಷಾ ಎಲ್ಲವೂ ಬಂದಿವೆ, ಪಠ್ಯಪುಸ್ತಕದ ಮೇಲಿನ ಚೌಕುಳಿ ಗುರುತನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಪಾಠ ತೆರೆಯುತ್ತದೆ. ಅವುಗಳಲ್ಲಿ ಹೆಚ್ಚಿನವು ಎಲ್ಲ ಜಿಲ್ಲೆಗಳಿಗೂ ಒಂದೇ ಪಾಠ. ದೊಡ್ಡೇರಿ ಹೋಬಳಿಯ ಪಾಠವನ್ನು ದೊಡ್ಡೇರಿ ಹೋಬಳಿಯವರೇ ತಯಾರಿಸಬೇಕು.

ಸಂಘದ ಸದಸ್ಯರಲ್ಲಿ ಒಂದು ಕೋರಿಕೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳೆಯ ಮನೆಗಳ ಟ್ರಂಕುಗಳಲ್ಲಿ ಉರ್ದುವಿನ ನಿಕಾಹ್‌ನಾಮೆ, ಕ್ರಯಪತ್ರ, ಮೋಡಿ ಅಕ್ಷರದ ಕಾಗದ, ಅಂಗಡಿಯ ಲೆಕ್ಕದ ಪುಸ್ತಕ ಇನ್ನೂ ಉಳಿದಿರಬಹುದು. ಯಾರಿಗೂ ಕೊಡುವುದು ಬೇಡ, ಮನೆಯಲ್ಲೇ ಇರಲಿ. ಗೆದ್ದಲು ಹಿಡಿಯುವ ಮೊದಲು ಎರಡೂ ಮಗ್ಗುಲ ಫೋಟೋ ತೆಗೆಯಿರಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಡಿ. ಯಾರ ಮನೆಯದು, ಯಾವ ಊರಿನದು, ಯಾರಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಶಾಲೆಗೆ ಮಕ್ಕಳ ಕೈಯಲ್ಲಿ ಕಳುಹಿಸಿ. ಓದುವ ಕೆಲಸವನ್ನು ಎಂಟನೇ ತರಗತಿಯವರು ಆರಂಭಿಸುತ್ತಾರೆ. ತಡೆದ ಅಕ್ಷರಗಳನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ನಿಮ್ಮ ಮನೆಯ ಹಿರಿಯರ ಬಳಿಗೇ ವಾಪಸು ತರುತ್ತಾರೆ.